ಸೈಕಲ್‌ಗೆ ಎಂಜಿನ್ ಕಿಟ್ ಆರಿಸುವುದು: ಅಳತೆಪಟ್ಟಿಯಿಂದ ಆರಂಭಿಸುವ ಸಮಗ್ರ ಮಾರ್ಗದರ್ಶಿ

ಸೈಕಲ್‌ಗೆ ಎಂಜಿನ್ ಕೂಡಿಸಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಸಿಸಿಯದನ್ನು ತೆಗೆದುಕೊಳ್ಳಲಿ?’ ಎಂಬುದು. ಆ ಪ್ರಶ್ನೆಯನ್ನು ಎಲ್ಲಕ್ಕಿಂತ ಕೊನೆಗೆ ಕೇಳಬೇಕೆಂದು ನಾನು ಭಾವಿಸುತ್ತೇನೆ. ಒಂದು ಕಿಟ್, ಅಂದರೆ ಎಂಜಿನ್ ಮತ್ತು ಅದನ್ನು ಸೈಕಲ್‌ಗೆ ಜೋಡಿಸುವ ಭಾಗಗಳ ಕಟ್ಟು, ನಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವು ಸೈಕಲ್‌ನ ಫ್ರೇಮಿನ ಕೊಳವೆಗಳ ದಪ್ಪ, ಹಿಂದಿನ ಹಬ್‌ನ (ಚಕ್ರದ ನಡುಭಾಗದ) ಆಕಾರ, ಬ್ರೇಕ್‌ನ ಬಗೆ, ದಿನವೂ ಹೋಗುವ ದಾರಿಯ ಏರು ಮತ್ತು ನಾವು ಓಡಾಡುವ ರಸ್ತೆಯ ಕಾನೂನು. ಇವೆಲ್ಲ ಖಚಿತವಾದ ಮೇಲೆ ಸಿಲಿಂಡರಿನ ಗಾತ್ರ ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುತ್ತದೆ. ಆದ್ದರಿಂದ ಈ ಬರಹ ಮಾರಾಟಗಾರರ ಪಟ್ಟಿಯನ್ನು ಬದಿಗಿಟ್ಟು, ಸೈಕಲ್‌ನ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಕುಳಿತಲ್ಲಿಂದ ಮುಂದುವರಿಯುತ್ತದೆ. ಇಲ್ಲಿರುವುದು ಪೆಟ್ರೋಲ್ ಎಂಜಿನ್‌ಗಳ ವಿಚಾರ ಮಾತ್ರ. ಬ್ಯಾಟರಿ ಮತ್ತು ವಿದ್ಯುತ್ ಮೋಟಾರಿನ ಕಿಟ್‌ಗಳ ಲೆಕ್ಕಾಚಾರವೇ ಬೇರೆ.

ಹಂತ 1: ಹಣ ಕೊಡುವ ಮೊದಲು ಕಾನೂನು ತಿಳಿಯಿರಿ

ಎಂಜಿನ್ ಕೂಡಿಸಿದ ಸೈಕಲ್ ಅನೇಕ ದೇಶಗಳ ಕಾನೂನಿನಲ್ಲಿ ಸೈಕಲ್ ಆಗಿ ಉಳಿಯುವುದಿಲ್ಲ. ಅದು ಮೊಪೆಡ್ ಅಥವಾ ಮೋಟಾರು ವಾಹನದ ವರ್ಗಕ್ಕೆ ಸೇರಿ, ನೋಂದಣಿ, ವಿಮೆ, ಚಾಲನಾ ಪರವಾನಗಿ, ಹೆಲ್ಮೆಟ್, ದೀಪ ಮುಂತಾದ ಕಟ್ಟುಪಾಡುಗಳಿಗೆ ಒಳಪಡುತ್ತದೆ. ಉದಾಹರಣೆಗೆ, ಐರೋಪ್ಯ ಒಕ್ಕೂಟದಲ್ಲಿ ಪೆಟ್ರೋಲ್ ಮೊಪೆಡ್ ಎನಿಸಿಕೊಳ್ಳಲು ಎಂಜಿನ್ 50 ಸಿಸಿಯನ್ನೂ ವೇಗ ಗಂಟೆಗೆ 45 ಕಿ.ಮೀ.ಯನ್ನೂ ಮೀರಬಾರದು. ಕಿಟ್‌ಗಳ ಪಟ್ಟಿಯಲ್ಲಿ 48 ಮತ್ತು 49 ಎಂಬ ಸಂಖ್ಯೆಗಳು ಮತ್ತೆ ಮತ್ತೆ ಕಾಣಿಸುವುದಕ್ಕೆ ಹಲವು ಕಡೆ ಜಾರಿಯಲ್ಲಿರುವ ಈ 50ರ ಗಡಿ ಮುಖ್ಯ ಕಾರಣ. ನಿಮ್ಮ ಊರಿನ ವಾಹನ ನೋಂದಣಿ ಕಚೇರಿಯಲ್ಲಿ ಎರಡು ಪ್ರಶ್ನೆಗಳನ್ನು ನೇರವಾಗಿ ಕೇಳಿ: ಮನೆಯಲ್ಲಿ ಜೋಡಿಸಿದ ವಾಹನಕ್ಕೆ ನೋಂದಣಿ ಸಿಗುತ್ತದೆಯೇ, ಸಿಗುವುದಾದರೆ ಎಂಜಿನ್‌ನ ಗಾತ್ರ ಮತ್ತು ವೇಗದ ಮಿತಿ ಎಷ್ಟು? ಮೊದಲನೆಯದಕ್ಕೆ ಉತ್ತರ ಇಲ್ಲವೆಂದಾದರೆ, ಎಷ್ಟು ಒಳ್ಳೆಯ ಕಿಟ್ ತಂದರೂ ಅದು ಖಾಸಗಿ ಜಾಗದ ಹೊರಗೆ ಓಡಲಾರದು.

ಸಿಸಿಯ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. ‘80 ಸಿಸಿ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಎರಡು ಸ್ಟ್ರೋಕ್‌ನ (ಪಿಸ್ಟನ್‌ನ ಎರಡು ಓಟಕ್ಕೊಮ್ಮೆ ಪೆಟ್ರೋಲ್ ಉರಿಯುವ) ಅಗ್ಗದ ಕಿಟ್‌ಗಳಲ್ಲಿ ಹೆಚ್ಚಿನವುಗಳ ಸಿಲಿಂಡರಿನ ಒಳವ್ಯಾಸ 47 ಮಿ.ಮೀ., ಪಿಸ್ಟನ್ ಓಡುವ ದೂರ 38 ಮಿ.ಮೀ. ಇವುಗಳಿಂದ ಸಿಲಿಂಡರಿನ ಒಳಗಾತ್ರವನ್ನು ಲೆಕ್ಕ ಹಾಕಿದರೆ ಸಿಗುವುದು ಸುಮಾರು 66 ಸಿಸಿ. ಅದೇ ಓಟದ, 40 ಮಿ.ಮೀ. ಒಳವ್ಯಾಸದ ಚಿಕ್ಕ ಎಂಜಿನ್ ಸುಮಾರು 48 ಸಿಸಿಯಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಂಬದೆ, ಬೋರ್ (ಒಳವ್ಯಾಸ) ಮತ್ತು ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಎಷ್ಟೆಂದು ಮಾರಾಟಗಾರರಿಂದ ಬರಹದಲ್ಲಿ ಪಡೆಯಿರಿ. ಅವನ್ನು ಹೇಳಲಾಗದವರಿಂದ ಎಂಜಿನ್ ಕೊಳ್ಳದಿರುವುದು ಲೇಸು.

ಹಂತ 2: ಸೈಕಲ್ ಅನ್ನು ಅಳೆಯಿರಿ

ಎಂಜಿನ್‌ನ ಕಂಪನವನ್ನು ವರ್ಷಗಟ್ಟಲೆ ತಾಳಿಕೊಳ್ಳುವ ಗುಣ ಉಕ್ಕಿನ ಫ್ರೇಮಿಗೆ ಇದೆ. ಅಲ್ಯೂಮಿನಿಯಂ ಫ್ರೇಮಿಗೂ ಕಿಟ್ ಕೂಡಿಸುವವರಿದ್ದಾರೆ. ಆದರೆ ಆ ಲೋಹ ಕಂಪನದಿಂದ ದಣಿಯುತ್ತ ಹೋಗಿ ಬೆಸುಗೆಯ ಬಳಿ ಸೂಚನೆ ಕೊಡದೆ ಬಿರುಕು ಬಿಡಬಲ್ಲದು. ಕಾರ್ಬನ್ ಫೈಬರ್ ಫ್ರೇಮಿನ ಮೇಲೆ ಎಂಜಿನ್‌ನ ಹಿಡಿಕೆ (ಕ್ಲಾಂಪ್) ಬಿಗಿಯುವ ಯೋಚನೆಯನ್ನೇ ಮಾಡಬಾರದು. ಹಳೆಯ ಸೈಕಲ್ ಆದರೆ ಬಣ್ಣ ಉಬ್ಬಿರುವ ಕಡೆ, ಕೊಳವೆಗಳು ಕೂಡುವ ಕಡೆ ಮತ್ತು ಪೆಡಲ್ ಅಚ್ಚಿನ ಸುತ್ತ ತುಕ್ಕು ಅಥವಾ ಬಿರುಕು ಇದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ.

ನಂತರ ಈ ಅಳತೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ಸೀಟಿನ ಕೆಳಗಿನ ಕೊಳವೆಯ ಮತ್ತು ಹ್ಯಾಂಡಲ್‌ನಿಂದ ಪೆಡಲ್‌ವರೆಗೆ ಇಳಿಯುವ ಓರೆ ಕೊಳವೆಯ ಹೊರವ್ಯಾಸ, ಆ ತ್ರಿಕೋನದ ಒಳಗಿನ ಎತ್ತರ ಮತ್ತು ಅಗಲ, ಪೆಡಲ್ ತಿರುಗುವಾಗ ಅದರ ತೋಳಿಗೂ ಫ್ರೇಮಿನ ನಡುಗೆರೆಗೂ ಇರುವ ಅಂತರ, ಹಿಂದಿನ ಹಬ್‌ನ ವ್ಯಾಸ, ಹಿಂದಿನ ಚಕ್ರದ ಕಡ್ಡಿಗಳ ಸಂಖ್ಯೆ, ಟೈರಿನ ಅಗಲ. ಹಳೆಯ ಮಾದರಿಯ ಉಕ್ಕಿನ ಫ್ರೇಮುಗಳಲ್ಲಿ ಸೀಟಿನ ಕೊಳವೆ ಸಾಮಾನ್ಯವಾಗಿ 28.6 ಮಿ.ಮೀ. ಇರುತ್ತದೆ, ಮತ್ತು ತ್ರಿಕೋನದೊಳಗೆ ಕೂರುವ ಕಿಟ್‌ಗಳ ಹಿಡಿಕೆಗಳು ಅಂಥ ತೆಳು ಕೊಳವೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಓರೆ ಕೊಳವೆ ದಪ್ಪವಾಗಿದ್ದಾಗ ಕೆಲವು ಕಿಟ್‌ಗಳ ಕೈಪಿಡಿ ಅದಕ್ಕೆ ತೂತು ಕೊರೆದು ಬೋಲ್ಟ್ ಹಾಕಲು ಹೇಳುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸವಾರನ ಭಾರವನ್ನೂ ರಸ್ತೆಯ ಪೆಟ್ಟನ್ನೂ ಹೊರುವ ಕೊಳವೆಯದು, ತೂತು ಬಿದ್ದ ಜಾಗದಿಂದಲೇ ಅದು ಸೀಳಲಾರಂಭಿಸುತ್ತದೆ. ದಪ್ಪ ಕೊಳವೆಯನ್ನು ಸುತ್ತಿ ಹಿಡಿಯುವ ಅಗಲವಾದ ಹಿಡಿಕೆ ಸಿಕ್ಕರೆ ಸರಿ, ಸಿಗದಿದ್ದರೆ ಆ ಸೈಕಲ್‌ಗೆ ಬೇರೆ ಬಗೆಯ ಕಿಟ್ ಹುಡುಕಬೇಕು.

ಹಂತ 3: ಎಷ್ಟು ಶಕ್ತಿ ನಿಜಕ್ಕೂ ಬೇಕು

ಸೈಕಲ್ ಓಡಿಸಲು ಬೇಕಾಗುವ ಶಕ್ತಿ ನಾವು ಊಹಿಸುವುದಕ್ಕಿಂತ ಕಡಿಮೆ. ಸವಾರ ಮತ್ತು ಸೈಕಲ್ ಸೇರಿ ಸುಮಾರು 100 ಕಿಲೋ ತೂಕವಿದ್ದು, ನೆಟ್ಟಗೆ ಕುಳಿತು ಗಾಳಿಯಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಹೋಗುವಾಗ ಗಂಟೆಗೆ 30 ಕಿ.ಮೀ. ವೇಗಕ್ಕೆ ಸರಿಸುಮಾರು 300 ವಾಟ್, 40 ಕಿ.ಮೀ.ಗೆ 600 ವಾಟ್, 50 ಕಿ.ಮೀ.ಗೆ 1,100 ವಾಟ್ ಚಕ್ರಕ್ಕೆ ತಲುಪಬೇಕಾಗುತ್ತದೆ. ಒಂದು ಅಶ್ವಶಕ್ತಿ ಎಂದರೆ 746 ವಾಟ್. ವೇಗ ಸ್ವಲ್ಪ ಏರಿದರೂ ಶಕ್ತಿ ಇಷ್ಟೊಂದು ಜಿಗಿಯುವುದಕ್ಕೆ ಗಾಳಿಯ ತಡೆಯೇ ಕಾರಣ; ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಏರಿನ ಲೆಕ್ಕ ಬೇರೆ: 100 ಮೀಟರಿಗೆ 8 ಮೀಟರ್ ಏರುವ ದಾರಿಯಲ್ಲಿ, ಎಂಜಿನ್‌ನ ತೂಕವೂ ಸೇರಿ 110 ಕಿಲೋ ಹೊತ್ತು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತಲು ಹೆಚ್ಚುಕಡಿಮೆ 600 ವಾಟ್ ಬೇಕು.

ಈ ಸಂಖ್ಯೆಗಳನ್ನು ಎಂಜಿನ್‌ಗಳ ಎದುರು ಇಟ್ಟು ನೋಡಿ. ಹೋಂಡಾದ ನಾಲ್ಕು ಸ್ಟ್ರೋಕ್‌ನ ಜಿಎಕ್ಸ್‌35 ಎಂಜಿನ್‌ನ ಗಾತ್ರ 35.8 ಸಿಸಿ, ನಿಮಿಷಕ್ಕೆ 7,000 ಸುತ್ತಿನಲ್ಲಿ ಅದು ಸುಮಾರು 1,000 ವಾಟ್ ಕೊಡುತ್ತದೆ. ಚೈನು, ಬೆಲ್ಟುಗಳಲ್ಲಿ ಸ್ವಲ್ಪ ಸೋರಿಹೋದರೂ ಸಮತಟ್ಟಾದ ದಾರಿಯಲ್ಲಿ ಗಂಟೆಗೆ 40 ಕಿ.ಮೀ. ಓಡಲು ಅಷ್ಟು ಧಾರಾಳವಾಯಿತು. ಭಾರದ ಸಾಮಾನು ಹೊರುವವರಿಗೆ, ಕಡಿದಾದ ಏರಿರುವ ಊರಿನವರಿಗೆ 49 ಸಿಸಿ ಎಂಜಿನ್ ಅಗತ್ಯವಾಗಬಹುದು. ಅದಕ್ಕಿಂತ ದೊಡ್ಡದನ್ನು ಸೈಕಲ್‌ನ ಬ್ರೇಕು, ಚಕ್ರ, ಫ್ರೇಮುಗಳು ತಡೆದುಕೊಳ್ಳುವುದು ಕಷ್ಟ.

ಹಂತ 4: ಎರಡು ಸ್ಟ್ರೋಕೋ ನಾಲ್ಕು ಸ್ಟ್ರೋಕೋ

ಎರಡು ಸ್ಟ್ರೋಕ್‌ನ ಕಿಟ್ ಹಗುರ, ಅಗ್ಗ, ಸರಳ. ತ್ರಿಕೋನದೊಳಗೆ ಸುಲಭವಾಗಿ ಕೂರುವಷ್ಟು ಅದರ ಅಗಲ ಕಡಿಮೆ. ಬಿಚ್ಚಿ ಜೋಡಿಸಲು ನಾಲ್ಕಾರು ಸ್ಪ್ಯಾನರ್ ಸಾಕು. ಪೆಡಲ್ ತುಳಿದು ವೇಗ ಬಂದ ಮೇಲೆ ಕ್ಲಚ್ ಬಿಟ್ಟರೆ ಎಂಜಿನ್ ಚಾಲೂ ಆಗುತ್ತದೆ. ಬದಲಿಗೆ ಪ್ರತಿ ಸಲವೂ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಹೊಸ ಎಂಜಿನ್ ಪಳಗುವವರೆಗೆ ಇಂಥ ಕಿಟ್‌ಗಳ ಕೈಪಿಡಿಗಳು ಸಾಮಾನ್ಯವಾಗಿ 16ಕ್ಕೆ 1ರ ಪ್ರಮಾಣವನ್ನು, ಅಂದರೆ ಲೀಟರಿಗೆ 62 ಮಿ.ಲೀ.ಗಿಂತ ತುಸು ಹೆಚ್ಚು ಆಯಿಲನ್ನು ಹೇಳುತ್ತವೆ. ಆಮೇಲೆ 20ಕ್ಕೆ 1 ಆದರೆ ಲೀಟರಿಗೆ 50 ಮಿ.ಲೀ., 25ಕ್ಕೆ 1 ಆದರೆ 40 ಮಿ.ಲೀ. ಆಯಿಲ್ ಮರೆತು ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೊಗೆ, ಸದ್ದು, ಕಂಪನ ಮೂರೂ ಹೆಚ್ಚು. ಉರಿಯದ ಪೆಟ್ರೋಲಿನ ಒಂದು ಪಾಲು ನೇರವಾಗಿ ಸೈಲೆನ್ಸರಿನ ಕಡೆಗೆ ಜಾರಿಹೋಗುವುದು ಎರಡು ಸ್ಟ್ರೋಕ್‌ನ ರಚನೆಯಲ್ಲೇ ಇರುವ ದೋಷ, ನೆರೆಹೊರೆಯವರ ಮೂಗಿಗೆ ಅದು ಮೊದಲು ತಿಳಿಯುತ್ತದೆ.

ನಾಲ್ಕು ಸ್ಟ್ರೋಕ್‌ನಲ್ಲಿ ಆಯಿಲ್ ಬೇರೆಯೇ ಇರುತ್ತದೆ, ಪೆಟ್ರೋಲನ್ನು ಹಾಗೆಯೇ ಹಾಕಬಹುದು, ಸದ್ದು ಮೆದು, ಬಾಳಿಕೆ ಹೆಚ್ಚು. ಹಗ್ಗ ಎಳೆದು ಚಾಲೂ ಮಾಡುವ ಮತ್ತು ಸುತ್ತು ಏರಿದಾಗ ತಾನಾಗಿ ಹಿಡಿಯುವ ಕ್ಲಚ್ ಇರುವ ಕಿಟ್‌ಗಳೇ ಇದರಲ್ಲಿ ಹೆಚ್ಚು. ತೊಂದರೆ ಅಗಲದ್ದು. ಹುವಾಶೆಂಗ್ 142ಎಫ್ ಅಥವಾ 49.4 ಸಿಸಿಯ ಹೋಂಡಾ ಜಿಎಕ್ಸ್‌ಎಚ್50ರಂಥ ಎಂಜಿನ್ ಅನ್ನು ತ್ರಿಕೋನದೊಳಗೆ ಕೂರಿಸಿದರೆ ಸೈಕಲ್‌ನ ಮೂಲ ಪೆಡಲ್ ತೋಳುಗಳು ಅದಕ್ಕೆ ತಾಗುತ್ತವೆ. ಆಗ ಪೆಡಲ್‌ನ ಅಚ್ಚನ್ನೂ ತೋಳುಗಳನ್ನೂ ಅಗಲವಾದವುಗಳಿಗೆ ಬದಲಿಸಬೇಕು, ತುಳಿಯುವಾಗ ಕಾಲು ಅಗಲಿಸಿ ತುಳಿಯಬೇಕು. ಹಂತ 2ರಲ್ಲಿ ಬರೆದಿಟ್ಟ ಅಳತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಅಗಲವಾದ ಪೆಡಲ್ ಸೆಟ್ ಕಿಟ್‌ನ ಜೊತೆಗೇ ಬರುತ್ತದೆಯೇ, ಅದು ನಿಮ್ಮ ಸೈಕಲ್‌ನ ಅಚ್ಚಿನ ಕೊಳವೆಗೆ ಹೊಂದುತ್ತದೆಯೇ ಎಂದು ಕೇಳಿ ತಿಳಿಯಿರಿ.

ದಿನವೂ ಕೆಲಸಕ್ಕೆ ಹೋಗಿ ಬರಲು ಸೈಕಲ್ ಬೇಕೆನ್ನುವವರು ನಾಲ್ಕು ಸ್ಟ್ರೋಕ್‌ಗೆ ಹೋಗಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಎಂಜಿನ್ ಕೆಲಸ ಕಲಿಯುವ ಆಸೆಯಿಂದ, ವಾರಕ್ಕೊಮ್ಮೆ ನಟ್ಟು ಬೋಲ್ಟು ಬಿಗಿಯುವ ತಾಳ್ಮೆಯಿಂದ ಬರುವವರಿಗೆ ಎರಡು ಸ್ಟ್ರೋಕ್‌ನ ಕಿಟ್ ನಿಜಕ್ಕೂ ಒಳ್ಳೆಯ ಗುರು.

ಹಂತ 5: ಶಕ್ತಿ ಚಕ್ರಕ್ಕೆ ತಲುಪುವ ಬಗೆಯನ್ನು ಆರಿಸಿ

ಕಿಟ್‌ಗಳ ಗುಣದೋಷ ಎದ್ದು ಕಾಣುವುದು ಇಲ್ಲಿ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅದು ಚಕ್ರವನ್ನು ತಿರುಗಿಸುವ ಏರ್ಪಾಡು ಕಳಪೆಯಾಗಿದ್ದರೆ ಸವಾರಿ ಅಪಾಯಕರ. ಆದ್ದರಿಂದ ಈ ಹಂತಕ್ಕೆ ಉಳಿದವಕ್ಕಿಂತ ಹೆಚ್ಚು ಸಮಯ ಕೊಡಿ.

ಅಗ್ಗದ ಎರಡು ಸ್ಟ್ರೋಕ್ ಕಿಟ್‌ಗಳಲ್ಲಿ ಹಿಂದಿನ ಚಕ್ರದ ಎಡಬದಿಗೆ ಒಂದು ದೊಡ್ಡ ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ಬರುತ್ತದೆ. ಕಡ್ಡಿಗಳ ಒಳಗೊಂದು ಹೊರಗೊಂದು ರಬ್ಬರ್ ಬಿಲ್ಲೆ ಇಟ್ಟು, ಒಂಬತ್ತು ಬೋಲ್ಟುಗಳಿಂದ ಅವನ್ನು ಸ್ಪ್ರಾಕೆಟ್ ಸಮೇತ ಕಡ್ಡಿಗಳಿಗೇ ಬಿಗಿಯಲಾಗುತ್ತದೆ. ಬಿಲ್ಲೆಯ ತೂತುಗಳು 36 ಕಡ್ಡಿಗಳ ಚಕ್ರಕ್ಕೆಂದೇ ಇರುವುದರಿಂದ 32 ಅಥವಾ 28 ಕಡ್ಡಿಗಳ ಚಕ್ರದಲ್ಲಿ ಇದು ಸರಿಯಾಗಿ ಕೂರುವುದಿಲ್ಲ. ಎಂಜಿನ್‌ನ ಎಳೆತವೆಲ್ಲ ಹಬ್‌ನ ಮೇಲೆ ಬೀಳುವ ಬದಲು ಕಡ್ಡಿಗಳ ಮೇಲೆ ಬೀಳುತ್ತದೆ. ಬೋಲ್ಟುಗಳನ್ನು ಒಂದು ಬದಿ ಹೆಚ್ಚು ಬಿಗಿದರೆ ಸ್ಪ್ರಾಕೆಟ್ ಓರೆಯಾಗಿ, ಚೈನು ಒಮ್ಮೆ ಬಿಗಿದು ಒಮ್ಮೆ ಸಡಿಲವಾಗಿ, ಕೊನೆಗೆ ಕಳಚಿಕೊಳ್ಳುತ್ತದೆ. ಕಡ್ಡಿಗಳು ಮುರಿಯುವುದೂ ಇದರಿಂದಲೇ.

ಇದಕ್ಕಿಂತ ಬಹಳ ಉತ್ತಮವಾದದ್ದು ಹಬ್‌ನ ಮೈಯನ್ನೇ ಎರಡು ಹೋಳುಗಳಿಂದ ಅಪ್ಪಿ ಹಿಡಿಯುವ ಅಡಾಪ್ಟರ್. ಸ್ಪ್ರಾಕೆಟ್ ಅದರ ಮೇಲೆ ಕೂರುವುದರಿಂದ ನಡುವಿಗೆ ಸರಿಯಾಗಿ ಬರುತ್ತದೆ, ಕಡ್ಡಿಗಳಿಗೆ ನೋವಿಲ್ಲ. ಆದರೆ ಹಬ್‌ನ ವ್ಯಾಸಕ್ಕೆ ಅದು ಹೆಚ್ಚುಕಡಿಮೆಯಿಲ್ಲದೆ ಹೊಂದಬೇಕು. ನೀವು ಬರೆದುಕೊಂಡ ಅಳತೆ ಕ್ಯಾಲಿಪರ್‌ನಿಂದ ತೆಗೆದದ್ದಾಗಿರಲಿ. ಹಿಂದಿನ ಚಕ್ರದಲ್ಲಿ ಡಿಸ್ಕ್ ಬ್ರೇಕ್ ಇರುವ ಸೈಕಲ್ ಆದರೆ ಡಿಸ್ಕ್ ಕೂರುವುದೂ ಎಡಬದಿಯಲ್ಲೇ. ಡಿಸ್ಕ್‌ನ ತೂತುಗಳಿಗೆ ಸ್ಪ್ರಾಕೆಟ್ ಕೂರಿಸುವ ಅಡಾಪ್ಟರುಗಳು ಸಿಗುತ್ತವೆ. ಅವನ್ನು ಬಳಸಿದರೆ ಹಿಂದಿನ ಡಿಸ್ಕ್ ಬ್ರೇಕನ್ನು ಬಿಟ್ಟುಕೊಟ್ಟಂತೆ, ಅದರ ಬದಲಿಗೆ ರಿಮ್‌ಗೆ ಒತ್ತುವ ಬ್ರೇಕ್ ಹಾಕಲು ಫ್ರೇಮಿನಲ್ಲಿ ಜಾಗ ಇರಲೇಬೇಕು.

ಚೈನಿನ ಸಡಿಲವನ್ನು ತೆಗೆಯುವ ಟೆನ್ಷನರ್ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಕಿಟ್‌ನೊಂದಿಗೆ ಬರುವುದು ಹಿಂದಿನ ಕೊಳವೆಗೆ ಬಿಗಿಯುವ ಒಂದು ತಗಡಿನ ಹಿಡಿಕೆ ಮತ್ತು ಸಣ್ಣ ಗಾಲಿ. ಕಂಪನದಿಂದ ಆ ಹಿಡಿಕೆ ಸಡಿಲಗೊಂಡು ಒಳಕ್ಕೆ ತಿರುಗಿದರೆ ನೇರ ಕಡ್ಡಿಗಳೊಳಗೆ ಹೋಗುತ್ತದೆ, ಹಿಂದಿನ ಚಕ್ರ ತಟಕ್ಕನೆ ಹಿಡಿದುಬಿಡುತ್ತದೆ. ವೇಗದಲ್ಲಿದ್ದಾಗ ಹೀಗಾದರೆ ಸವಾರ ಬೀಳುವುದು ಖಂಡಿತ. ಹಿಂದಿನ ಅಚ್ಚನ್ನು ಹಿಂದಕ್ಕೆ ಎಳೆಯಲು ಉದ್ದನೆಯ ಸೀಳು ಇರುವ ಫ್ರೇಮ್ ನಿಮ್ಮದಾಗಿದ್ದರೆ, ಚೈನನ್ನು ಸರಿಯಾದ ಉದ್ದಕ್ಕೆ ಕತ್ತರಿಸಿ, ಪೆಡಲ್ ಚೈನಿಗೂ ಹೊಂದುವಂತೆ ಅಚ್ಚನ್ನು ಎಳೆದು, ಟೆನ್ಷನರ್ ಇಲ್ಲದೆಯೇ ನಡೆಸಲು ಪ್ರಯತ್ನಿಸಿ. ಅದು ಬೇಕೇ ಬೇಕೆಂದಾದರೆ ಎರಡು ಕಡೆ ಹಿಡಿತವಿರುವ, ಸ್ಪ್ರಿಂಗ್ ಇರುವ ಗಟ್ಟಿಯಾದದ್ದನ್ನು ಬೇರೆಯಾಗಿ ಕೊಂಡುಕೊಳ್ಳಿ. ಕಿಟ್‌ನ ಬೆಲೆಯನ್ನು ಲೆಕ್ಕ ಹಾಕುವಾಗ ಈ ಖರ್ಚನ್ನೂ ಸೇರಿಸಿಯೇ ಹೋಲಿಸಬೇಕು.

ಎರಡನೆಯ ಬಗೆ, ಟೈರಿನ ಮೇಲೆ ರೋಲರ್ ಒತ್ತಿ ತಿರುಗಿಸುವುದು. ಫ್ರಾನ್ಸಿನ ವೆಲೊಸೊಲೆಕ್ಸ್ 1946ರಿಂದ ಮುಂದಿನ ಚಕ್ರದ ಟೈರನ್ನು ಹೀಗೆಯೇ ತಿರುಗಿಸುತ್ತ ದಶಕಗಳ ಕಾಲ ಓಡಿತು. ಈಗಿನ ಕಿಟ್‌ಗಳಲ್ಲಿ ಎಂಜಿನ್ ಹಿಂದಿನ ಕ್ಯಾರಿಯರ್‌ನ ಜಾಗದಲ್ಲಿ ಕೂರುತ್ತದೆ. ತ್ರಿಕೋನ ಇಕ್ಕಟ್ಟಾಗಿರುವ ಅಥವಾ ತ್ರಿಕೋನವೇ ಇಲ್ಲದ ಸೈಕಲ್‌ಗೆ, ಕಡ್ಡಿ ಹಬ್‌ಗಳನ್ನು ಮುಟ್ಟಲು ಇಷ್ಟಪಡದವರಿಗೆ ಇದು ಹೇಳಿಮಾಡಿಸಿದಂತಿದೆ. ರೋಲರ್ ಎತ್ತಿದರೆ ಮತ್ತೆ ಸಾದಾ ಸೈಕಲ್. ಮಳೆಯಲ್ಲಿ ರೋಲರ್ ಜಾರುತ್ತದೆ, ಟೈರು ಬೇಗ ಸವೆಯುತ್ತದೆ, ಟೈರಿನ ಗಾಳಿ ಕಡಿಮೆಯಾದರೆ ಎಳೆತವೂ ಕುಗ್ಗುತ್ತದೆ. ಉಬ್ಬುತಗ್ಗು ಹೆಚ್ಚಿರುವ ಟೈರಿಗಿಂತ ನುಣುಪಾದ ಟೈರು ಇದಕ್ಕೆ ಒಗ್ಗುತ್ತದೆ. ಮಳೆ ಹೆಚ್ಚಿರುವ ಕಡೆ ಇದನ್ನು ಆರಿಸಬೇಡಿ.

ಮೂರನೆಯದು, ಎಂಜಿನ್‌ನ ಶಕ್ತಿಯನ್ನು ನಡುವಿನ ಒಂದು ಅಚ್ಚಿನ ಮೂಲಕ ಪೆಡಲ್‌ನ ಚೈನಿಗೇ ಕೊಟ್ಟು, ಸೈಕಲ್‌ನ ಗೇರುಗಳನ್ನು ಎಂಜಿನ್ನೂ ಬಳಸುವಂತೆ ಮಾಡುವ ಏರ್ಪಾಡು. ಏರಿನಲ್ಲಿ ಇದಕ್ಕೆ ಸಾಟಿಯಿಲ್ಲ. ಎಂಜಿನ್ ಓಡುವಾಗ ಪೆಡಲ್ ತಿರುಗದಂತೆ ಮುಂಭಾಗದಲ್ಲೂ ಒಂದು ಫ್ರೀವೀಲ್ (ಒಂದೇ ದಿಕ್ಕಿಗೆ ಹಿಡಿಯುವ ಹಲ್ಲುಚಕ್ರ) ಬೇಕು. ತೆಳುವಾದ ಗೇರ್ ಚೈನು ಎಂಜಿನ್‌ನ ಎಳೆತಕ್ಕೆ ಬೇಗ ಸವೆಯುತ್ತದೆ. ಭಾಗಗಳು ಹೆಚ್ಚು, ಜೋಡಣೆ ಕಷ್ಟ. ಮೊದಲ ಸಲ ಕೈಹಾಕುವವರಿಗೆ ನಾನಿದನ್ನು ಸೂಚಿಸಲಾರೆ.

ಹಂತ 6: ಹಲ್ಲುಗಳ ಲೆಕ್ಕ ಹಾಕಿ

ಒಂದೇ ಎಂಜಿನ್ ಒಬ್ಬರ ಸೈಕಲ್‌ನಲ್ಲಿ ಏರು ಹತ್ತಲಾರದೆ ಏದುಸಿರು ಬಿಡುತ್ತದೆ, ಇನ್ನೊಬ್ಬರದರಲ್ಲಿ ಸಲೀಸಾಗಿ ಹತ್ತುತ್ತದೆ. ವ್ಯತ್ಯಾಸ ಹೆಚ್ಚಾಗಿ ಹಿಂದಿನ ಸ್ಪ್ರಾಕೆಟ್‌ನ ಹಲ್ಲುಗಳಲ್ಲಿರುತ್ತದೆ. ಲೆಕ್ಕ ಸುಲಭ. ತ್ರಿಕೋನದೊಳಗೆ ಕೂರುವ ಸಾಮಾನ್ಯ ಎರಡು ಸ್ಟ್ರೋಕ್ ಎಂಜಿನ್‌ನ ಒಳಗಿನ ಗೇರುಗಳೇ ಸುತ್ತನ್ನು 4.1 ಪಟ್ಟು ತಗ್ಗಿಸುತ್ತವೆ. ಹೊರಗಿನ ಚಿಕ್ಕ ಸ್ಪ್ರಾಕೆಟ್‌ಗೆ 10 ಹಲ್ಲು, ಹಿಂದಿನದಕ್ಕೆ 44 ಹಲ್ಲು ಇದ್ದರೆ ಅದು ಮತ್ತೆ 4.4 ಪಟ್ಟು ತಗ್ಗುತ್ತದೆ. ಎರಡನ್ನೂ ಗುಣಿಸಿದರೆ ಒಟ್ಟು ಸುಮಾರು 18. ಅಂದರೆ ಎಂಜಿನ್ 18 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. 26 ಇಂಚಿನ ಚಕ್ರದ ಸುತ್ತಳತೆ ಸುಮಾರು 2.07 ಮೀಟರ್, ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ವೇಗ ಗಂಟೆಗೆ ಸುಮಾರು 41 ಕಿ.ಮೀ., 4,500 ಸುತ್ತಿಗೆ ಸುಮಾರು 31 ಕಿ.ಮೀ. ಹಿಂದೆ 36 ಹಲ್ಲಿನದನ್ನು ಹಾಕಿದರೆ 6,000 ಸುತ್ತಿಗೆ 50 ಕಿ.ಮೀ. ಆಗುತ್ತದೆ, 56 ಹಲ್ಲಿನದಕ್ಕೆ 32 ಕಿ.ಮೀ.ಗೆ ಇಳಿಯುತ್ತದೆ. ವೇಗ ಇಳಿದಷ್ಟೂ ಏರು ಹತ್ತುವ ಬಲ ಅದೇ ಪ್ರಮಾಣದಲ್ಲಿ ಏರುತ್ತದೆ.

ನಿಮ್ಮ ದಾರಿಯ ಅತಿ ಕಡಿದಾದ ಏರನ್ನು ನೆನಪಿನಲ್ಲಿಟ್ಟು ಹಲ್ಲುಗಳನ್ನು ಆರಿಸಿ, ಸಮತಟ್ಟಾದ ಕಡೆಯ ವೇಗವನ್ನು ಅದರ ಪಾಲಿಗೆ ಬಿಡಿ. ತಾನಾಗಿ ಹಿಡಿಯುವ ಕ್ಲಚ್ ಇರುವ ಎಂಜಿನ್‌ನಲ್ಲಿ ಇದು ಇನ್ನೂ ಮುಖ್ಯ. ಹಲ್ಲುಗಳು ಕಡಿಮೆಯಾದರೆ ಏರಿನಲ್ಲಿ ಸುತ್ತು ಬೀಳುತ್ತದೆ, ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತ ಸುಡುತ್ತದೆ. ಬೇರೆ ಬೇರೆ ಹಲ್ಲುಗಳ ಸ್ಪ್ರಾಕೆಟ್ ಸುಲಭವಾಗಿ ಸಿಗುವ ಕಿಟ್‌ಗೆ ಈ ಕಾರಣದಿಂದ ಹೆಚ್ಚಿನ ಬೆಲೆ ಕೊಟ್ಟರೂ ನಷ್ಟವಿಲ್ಲ. ರೋಲರ್ ಕಿಟ್‌ನಲ್ಲಿ ಚಕ್ರದ ಗಾತ್ರ ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ರೋಲರ್‌ನ ಮೈ ಎಷ್ಟು ವೇಗವಾಗಿ ಸರಿಯುತ್ತದೋ ಟೈರಿನ ಮೈಯೂ ಅಷ್ಟೇ ಸರಿಯುತ್ತದೆ. ರೋಲರ್ ನೇರವಾಗಿ ಎಂಜಿನ್‌ನ ಅಚ್ಚಿಗೇ ಕೂತಿದ್ದರೆ, 25 ಮಿ.ಮೀ. ವ್ಯಾಸದ್ದು 7,000 ಸುತ್ತಿಗೆ ಗಂಟೆಗೆ ಸುಮಾರು 33 ಕಿ.ಮೀ. ಕೊಡುತ್ತದೆ, 32 ಮಿ.ಮೀ.ನದು ಸುಮಾರು 42 ಕಿ.ಮೀ.

ಹಂತ 7: ಬ್ರೇಕು ಮತ್ತು ಚಕ್ರಗಳಿಗೆ ಮೊದಲೇ ಹಣ ಎತ್ತಿಡಿ

ಗಂಟೆಗೆ 20 ಕಿ.ಮೀ. ವೇಗದಲ್ಲಿ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿಗಿಂತ 40 ಕಿ.ಮೀ. ವೇಗದಲ್ಲಿ ನಾಲ್ಕು ಪಟ್ಟು ಹೆಚ್ಚು ನುಂಗಬೇಕು. ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಒಂದೇ ಇರುವ ಸೈಕಲ್‌ಗೆ ಎಂಜಿನ್ ಕೂಡಿಸುವುದು ತಪ್ಪು. ಮುಂದೆ ಒಳ್ಳೆಯ ಡಿಸ್ಕ್ ಅಥವಾ ವಿ ಆಕಾರದ ರಿಮ್ ಬ್ರೇಕ್, ಹಿಂದೆ ಕನಿಷ್ಠ ರಿಮ್ ಬ್ರೇಕ್ ಇರಬೇಕು. ಕ್ಲಚ್‌ಗೂ ಕೈಹಿಡಿ ಬೇಕಾಗುವ ಕಿಟ್ ಆದರೆ, ಎರಡೂ ಬ್ರೇಕ್‌ಗಳ ಕೈಹಿಡಿಗಳ ಜೊತೆಗೆ ಅದಕ್ಕೆ ಹ್ಯಾಂಡಲ್‌ನಲ್ಲಿ ಜಾಗ ಎಲ್ಲಿ ಎಂಬುದನ್ನು ಈಗಲೇ ಯೋಚಿಸಿ. ದಪ್ಪ ಕಡ್ಡಿಗಳ ಚಕ್ರ, ಅಗಲವಾದ ಟೈರು, ಗಟ್ಟಿ ಟ್ಯೂಬು ಇವು ಕಿಟ್‌ನ ಭಾಗವೆಂದೇ ಎಣಿಸಿ. ದೀಪಗಳಿಗೆ ಪ್ರತ್ಯೇಕ ಬ್ಯಾಟರಿ ಇರಲಿ. ಎರಡು ಸ್ಟ್ರೋಕ್ ಕಿಟ್‌ಗಳಲ್ಲಿ ಕಿಡಿಗೆ ವಿದ್ಯುತ್ ಹುಟ್ಟಿಸುವ ಕಾಯಿಲ್‌ನಿಂದ ಹೊರಬರುವ ಬಿಳಿ ತಂತಿಗೆ ದೀಪ ಜೋಡಿಸಿದರೆ ಪ್ಲಗ್‌ನ ಕಿಡಿ ಕುಗ್ಗುತ್ತದೆ.

ಹಂತ 8: ಪೆಟ್ಟಿಗೆ ಬಂದಾಗ

ಕಿಟ್ ಕೈಸೇರಿದ ಮೇಲೆ ಕೂಡಲೇ ಬಿಗಿಯಲು ಹೋಗಬೇಡಿ. ಪ್ಲಗ್ ತೆಗೆದು ಎಂಜಿನ್ ಅನ್ನು ಕೈಯಿಂದ ತಿರುಗಿಸಿ ಎಲ್ಲಾದರೂ ಕಚ್ಚುತ್ತದೆಯೇ, ಗರಗರ ಎನ್ನುತ್ತದೆಯೇ ನೋಡಿ. ಸ್ಪ್ರಾಕೆಟ್ ಅನ್ನು ಗಾಜಿನ ಹಲಗೆಯ ಮೇಲೆ ಇಟ್ಟು ಅದು ಸಪಾಟಾಗಿದೆಯೇ ಪರೀಕ್ಷಿಸಿ. ಕಾರ್ಬುರೇಟರ್ ಕೂರುವ ಕೊಳವೆಯೊಳಗೆ ಎರಕದ ಚೂರುಗಳು ಉಳಿದಿದ್ದರೆ ಕೆರೆದು ತೆಗೆಯಿರಿ. ಟ್ಯಾಂಕಿನೊಳಗೆ ತುಕ್ಕು ಅಥವಾ ಪುಡಿ ಇದ್ದರೆ ತೊಳೆದು, ಪೆಟ್ರೋಲ್ ಪೈಪಿನ ನಡುವೆ ಒಂದು ಫಿಲ್ಟರ್ ಹಾಕಿ. ಫ್ರೇಮಿಗೆ ಬಿಗಿಯುವ ಸ್ಟಡ್‌ಗಳು (ತಲೆಯಿಲ್ಲದ ಬೋಲ್ಟುಗಳು) 6 ಮಿ.ಮೀ.ನವೋ 8 ಮಿ.ಮೀ.ನವೋ ನೋಡಿಕೊಂಡು, ಕಿಟ್‌ನ ಮೆದು ಲೋಹದ ನಟ್ಟು ಬೋಲ್ಟುಗಳ ಬದಲಿಗೆ ಅದೇ ಅಳತೆಯ ಗಟ್ಟಿ ಉಕ್ಕಿನವನ್ನೂ, ಒಳಗೆ ನೈಲಾನ್ ಬಳೆ ಇರುವ ನಟ್ಟುಗಳನ್ನೂ ತನ್ನಿ. ಆದರೆ ಸೈಲೆನ್ಸರಿನ ಬಳಿ ನೈಲಾನ್ ಕರಗುವುದರಿಂದ ಅಲ್ಲಿ ಪೂರ್ತಿ ಲೋಹದ್ದೇ ಆಗಬೇಕು. ಕೊನೆಯದಾಗಿ ಎಂಜಿನ್ ಅನ್ನು ಬಿಗಿಯದೆ ತ್ರಿಕೋನದೊಳಗೆ ಹಿಡಿದು, ಇನ್ನೊಬ್ಬರಿಂದ ಪೆಡಲ್ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ತೋಳು ತಾಗಿದರೂ, ಚೈನಿನ ಗೆರೆ ಟೈರಿಗೆ ಉಜ್ಜುವಂತಿದ್ದರೂ ಕಿಟ್ ಅನ್ನು ಹಿಂದಿರುಗಿಸುವ ಹೊತ್ತು ಅದೇ. ಟ್ಯಾಂಕಿಗೆ ಒಮ್ಮೆ ಪೆಟ್ರೋಲ್ ಬಿದ್ದ ಮೇಲೆ ಮರಳಿ ಕಳುಹಿಸುವುದು ಕಷ್ಟ.